ಅರೆಮಾತಿನ ಹುಡುಗಿ

ಬೆಳಗಿನ ಹೊತ್ತು ಆ ಓಣಿ ಹೊಕ್ಕವರಿಗೆ ಮೊದಲು ಕೇಳಿಸುತ್ತಿದ್ದುದು ಟಕ್, ಟಕ್, ಟಕ್ ಎಂಬ ಒಂದೇ ಅಳತೆಯ ಸದ್ದು. ಮರಕುಟಿಗವಿರಬೇಕೆಂದು ಹೊಸಬರು ತಲೆಯೆತ್ತಿ ಕೊಂಬೆಗಳನ್ನು ಹುಡುಕುತ್ತಿದ್ದರು. ಹಳಬರಿಗೆ ಮಾತ್ರ ಗೊತ್ತಿತ್ತು: ಅದು ಹೊಲಿಗೆಯ ದೊಡ್ಡಮ್ಮನ ಹಿತ್ತಿಲಲ್ಲಿ ಅವರ ತಂಗಿಯ ಮಗಳು ತಾಳ ಹಾಕುವ ಪುಟ್ಟ ಯಂತ್ರವೊಂದನ್ನು ಇಟ್ಟುಕೊಂಡು, ಅದರ ಲಯಕ್ಕೆ ಮರದ ಪೀಠವನ್ನು ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೆ ತನ್ನ ನಾಡಿಯನ್ನು ತಾನೇ ಹಿಡಿದು ನೋಡುವಾಗಿನ ಸದ್ದು.

"ಮೆಟ್ಲು ಹತ್ತೋದನ್ನೂ ಕಾಲೇಜಲ್ಲಿ ಕಲಿಸ್ತಾರೇನೇ?" ಎಂದು ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿದರೆ, "ಹತ್ತೋದು ಎಲ್ಲರಿಗೂ ಬರುತ್ತೆ ಆಂಟಿ, ಹತ್ತುವಾಗ ಒಳಗೆ ಏನಾಗುತ್ತೆ ಅಂದ್ರೆ..." ಎನ್ನುತ್ತ ಅವಳು ಒಳಗೆ ಹೋಗಿಯೇಬಿಡುತ್ತಿದ್ದಳು.

ಅದು ಅವಳ ರೀತಿ. ಅಡುಗೆಮನೆಯಲ್ಲಿ ಹುಟ್ಟಿದ ವಾಕ್ಯಕ್ಕೆ ನಡುಮನೆಯಲ್ಲಿ ಯೌವನ, ಗೇಟಿನ ಬಳಿ ಮುಕ್ತಾಯ. ಅರ್ಥ ಬೇಕಾದವರು ಹಿಂದೆ ಹೋಗಬೇಕು. ಹಿಮ್ಮಡಿಯಿಂದ ಹೆಬ್ಬೆರಳಿನವರೆಗೂ ನೆಲಕ್ಕೆ ಪೂರ್ತಿ ಮರ್ಯಾದೆ ಕೊಟ್ಟು ಇಡುವ ಹೆಜ್ಜೆ, ತೊಳೆದು ತೊಳೆದು ನೀಲಿಯೋ ಬೂದಿಯೋ ತಿಳಿಯದಂತಾದ ಕಾಲೇಜಿನ ಆಟದ ಕೋಟು, ಅದರ ಮೊಳಕೈಗೆ ದೊಡ್ಡಮ್ಮ ಹಾಕಿಕೊಟ್ಟ ತೇಪೆ. ದೊಡ್ಡಪ್ಪ ಅವಳಿಗೆ 'ಅರೆಮಾತು' ಎಂದೇ ಹೆಸರಿಟ್ಟಿದ್ದರು. ಬಂದವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಮಗುಚಿ ಹಿಮ್ಮಡಿಯ ಸವೆತ ನೋಡುವುದು ಅವಳ ಇನ್ನೊಂದು ಚಟ. ಒಮ್ಮೆ ದೊಡ್ಡಪ್ಪನ ಮೇಲಧಿಕಾರಿ ಹೊರಡಲು ಎದ್ದಾಗ ಅವರದೊಂದು ಬೂಟು ಅವಳ ಕೈಯಲ್ಲಿತ್ತು. "ನಿಮಗೆ ಎಡಗಡೆ ಮಂಡಿ ನೋಯುತ್ತಾ ಸಾರ್?" ಎಂದು ಅವಳು ಕೇಳಿದಳು. ದೊಡ್ಡಪ್ಪನಿಗೆ ನೆಲ ಬಾಯಿಬಿಡಬಾರದೇ ಎನಿಸಿತು; ಅಧಿಕಾರಿ ಮಾತ್ರ ಮತ್ತೆ ಕುಳಿತು, ತಮ್ಮ ಮಂಡಿಯ ಕಥೆಯನ್ನು ಮೊದಲಿನಿಂದ ಶುರುಮಾಡಿದರು.

ಅವಳು ಓದುತ್ತಿದ್ದುದು ವ್ಯಾಯಾಮ ವಿಜ್ಞಾನ. ನೆಂಟರಿಷ್ಟರು ಅದನ್ನು "ಡ್ರಿಲ್ ಟೀಚರ್ ಆಗೋ ಓದು" ಎಂದು ಮೂಗು ಮುರಿದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. "ಆಗಬಹುದು, ಒಳ್ಳೇ ಕೆಲಸ ಅದು" ಎನ್ನುತ್ತಿದ್ದಳು. ಜೊತೆಗೆ, ಆಟಗಾರರ ತಂಡದಲ್ಲಿ ತರಬೇತಿ ಕೊಡಬಹುದು. ಕಾರ್ಖಾನೆಯಲ್ಲಿ ಮೂಟೆ ಎತ್ತುವವರ ಸೊಂಟ ಉಳಿಯುವ ದಾರಿ ಹುಡುಕಬಹುದು. ಓಡುವವರ ಉಸಿರನ್ನು ಅಳೆಯುವ ಪ್ರಯೋಗಾಲಯ ಸೇರಬಹುದು. ಎದೆಯ ಆಪರೇಷನ್ ಆದವರಿಗೆ ಮತ್ತೆ ನಡೆಯುವ ಧೈರ್ಯ ಕಲಿಸುವ ಆಸ್ಪತ್ರೆಯ ಹಾಲ್‌ನಲ್ಲಿ ನಿಲ್ಲಬಹುದು. ಕೊನೆಯ ವರ್ಷದ ತರಬೇತಿಗೆಂದು ಅಂಥ ಹಾಲ್ ಒಂದಕ್ಕೆ ಹೋಗಿಬರುತ್ತಿದ್ದ ದಿನಗಳಲ್ಲೇ ದೊಡ್ಡಮ್ಮನ ಎದೆಯನ್ನೂ ತೆರೆಯಬೇಕಾಯಿತು.

ಗಾಯ ಮಾಗಿತು. ನಿಧಾನವಾಗಿ ನಡೆಯಿರಿ, ಮೆಟ್ಟಿಲನ್ನೂ ಹತ್ತಿ ಎಂದು ಡಾಕ್ಟರೇ ಹೇಳಿದರು. ಭಯ ಮಾತ್ರ ಮಾಗಲಿಲ್ಲ. ಹೊಲಿಗೆಯ ಕೋಣೆ ಇದ್ದುದು ಮಹಡಿಯಲ್ಲಿ. ಕೆಳಗೆ ಕುರ್ಚಿಯಲ್ಲಿ ಕುಳಿತ ದೊಡ್ಡಮ್ಮ ಆ ಮೆಟ್ಟಿಲುಗಳನ್ನು, ಮುನಿಸಿಕೊಂಡ ಸಂಬಂಧಿಯನ್ನು ನೋಡುವಂತೆ, ಓರೆಗಣ್ಣಿನಿಂದ ನೋಡುತ್ತಿದ್ದರು. ಅಳತೆಯ ಟೇಪು ಮಾತ್ರ ಕೊರಳಿನಿಂದ ಇಳಿದಿರಲಿಲ್ಲ.

"ಹೊಲಿದಿದ್ದು ಸಾಕು ಕಣೇ. ಮೆಷಿನ್ ಯಾರಿಗಾದ್ರೂ ಕೊಟ್ಬಿಡೋಣ" ಎಂದರು ದೊಡ್ಡಪ್ಪ, ಪ್ರೀತಿಯಿಂದಲೇ. ಭಾನುವಾರ ಯಾರೋ ಮೆಷಿನ್ ನೋಡಲು ಬರುವುದೆಂದೂ ಆಯಿತು. ದೊಡ್ಡಮ್ಮ "ಹೂಂ" ಎಂದರು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ ಕುಳಿತರು.

ಹುಡುಗಿ ಉಪದೇಶ ಮಾಡಲಿಲ್ಲ, ಕೈಯನ್ನೂ ಚಾಚಲಿಲ್ಲ. ಅವಳ ಅರೆಮಾತುಗಳು ಮಾತ್ರ ಹೆಚ್ಚಾದವು. "ಪಕ್ಕದ ಮನೆ ಆಂಟಿ ಇವತ್ತು ಏನಂದ್ರು ಗೊತ್ತಾ ದೊಡ್ಡಮ್ಮ..." ಎನ್ನುತ್ತ ಅಡುಗೆಮನೆಗೆ ನಡೆದಳು. ಉಪವಾಸವಿದ್ದಾರು, ಕಥೆಯ ಕೊನೆ ಕೇಳದೆ ಇರಲಾರರು ದೊಡ್ಡಮ್ಮ; ಗೊಣಗುತ್ತಲೇ ಎದ್ದರು. ಮರುದಿನದ ಕಥೆ ಗೇಟಿನವರೆಗೆ ಹೋಯಿತು, ಆಮೇಲಿನದು ಓಣಿಯ ತಿರುವಿನವರೆಗೆ. ಈ ಹುಡುಗಿಗೆ ದಿನೇ ದಿನೇ ಸಭ್ಯತೆ ಕಡಿಮೆಯಾಗುತ್ತಿದೆ ಎಂದಷ್ಟೇ ಅವರಿಗೆ ತೋರಿತು.

ಶನಿವಾರ ಮಧ್ಯಾಹ್ನ ಅವಳು ಕಾಲೇಜಿನಿಂದ ಬಂದವಳೇ, "ಕೆಲಸದ್ದು ತೀರ್ಮಾನ ಮಾಡ್ಬಿಟ್ಟೆ ದೊಡ್ಡಮ್ಮ" ಎಂದಳು. ಫುಟ್‌ಬಾಲ್ ತಂಡದವರೂ ಆಸ್ಪತ್ರೆಯವರೂ ಒಟ್ಟಿಗೇ ಕರೆದಿದ್ದರು. ತಂಡಕ್ಕೆ ಸೇರಿದರೆ ಪೇಪರಿನಲ್ಲಿ ಫೋಟೋ ಬರುತ್ತದೆಂದು ದೊಡ್ಡಪ್ಪನ ಆಸೆ. "ಯಾವುದು ಒಪ್ಕೊಂಡೆ ಅಂದ್ರೆ..." ಎನ್ನುತ್ತ ಅವಳು ಮೆಟ್ಟಿಲಿನತ್ತ ತಿರುಗಿದಳು.

"ಏಯ್, ಹೇಳಿ ಹೋಗೇ! ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ್ಯಾ?"

ದೊಡ್ಡಮ್ಮನ ಕಾಲು ಮೊದಲ ಮೆಟ್ಟಿಲ ಮೇಲಿತ್ತು. ಹುಡುಗಿ ನಿಂತಳು, ಪಕ್ಕಕ್ಕೆ ಸರಿದಳು, ಅವರಿಗೆ ಸಮನಾಗಿ ಹತ್ತತೊಡಗಿದಳು. ಯಾವ ಕೆಲಸವೆಂದು ಹೇಳದೆ ಕೋಟಿನ ತೇಪೆ ಬಿಚ್ಚಿಹೋಗಿದೆ ಎಂದಳು. "ನನ್ನ ಹೊಲಿಗೆ ಬಿಚ್ಚುತ್ತಾ? ನೀನೇ ಕಿತ್ತಿರ್ತೀಯ, ಒರಟು!" ಎಂದು ದೊಡ್ಡಮ್ಮ ರೇಗಿದರು, ತಿರುವಿನಲ್ಲಿ ಕಂಬಿ ಹಿಡಿದು ನಿಂತು, ಅವಳ ತಾಯಿಯ ಬಾಲ್ಯದ ಒರಟುತನವನ್ನೂ ಎತ್ತಿ ಆಡಿದರು, ಆಡುತ್ತಲೇ ಉಳಿದ ಮೆಟ್ಟಿಲನ್ನೂ ಹತ್ತಿದರು. ಹೊಸ್ತಿಲಿನಾಚೆ ಹೊದಿಕೆಯ ಕೆಳಗಿನ ಮೆಷಿನ್ ಕಂಡಾಗಲೇ ಅವರ ಮಾತು ನಿಂತದ್ದು.

"ಮೋಸಗಾತಿ" ಎಂದರು, ಮೆಲ್ಲಗೆ.

"ಮೋಸ ಅಲ್ಲ, ನಮ್ಮ ಪಾಠ. ನಡೀತಾ ನಡೀತಾ ಮಾತಾಡೋಕೆ ಉಸಿರಿದ್ರೆ ಹೃದಯಕ್ಕೆ ಭಾರ ಆಗ್ತಿಲ್ಲ ಅಂತ. ನೀವು ಮೇಲಿನವರೆಗೂ ಬೈದ್ರಿ."

ದೊಡ್ಡಮ್ಮ ಹೊದಿಕೆ ಸರಿಸಿ ಚಕ್ರವನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ ಕಿಟಕಿಯಿಂದ ಕೂಗಿದರು: "ರೀ, ನಾಳೆ ಬರೋರಿಗೆ ಬರಬೇಡಿ ಅಂತ ಹೇಳ್ರೀ!" ಕೆಳಗೆ ದೊಡ್ಡಪ್ಪನ ಕೈಯಿಂದ ಪೇಪರು ಜಾರಿದ್ದು ಕೇಳಿಸಿತು.

ಕೈ ಹಿಡಿದು ನಡೆಸುವವರನ್ನು ಲೋಕ ಕೊಂಡಾಡುತ್ತದೆ, ಕೊಂಡಾಡಲಿ. ಇನ್ನು ಕೆಲವರಿರುತ್ತಾರೆ, ಒಂದು ಹೆಜ್ಜೆ ಮುಂದೆ ಏನೋ ಆಸೆಯನ್ನಿಟ್ಟು ಪಕ್ಕದಲ್ಲಿ ಸುಮ್ಮನೆ ನಡೆಯುವವರು. ಅವರ ಉಪಕಾರ ಉಪಕಾರದಂತೆ ಕಾಣುವುದಿಲ್ಲ. ಪಡೆದವರಿಗೆ ತಾವೇ ಎದ್ದೆವು, ತಾವೇ ನಡೆದೆವು ಎಂದೇ ಅನಿಸುತ್ತದೆ. ಹಾಗೆ ಅನಿಸಲಿ ಎಂಬುದೇ ಅವರ ವಿದ್ಯೆ.

"ಇನ್ನಾದ್ರೂ ಬಾಯಿಬಿಡೇ. ಯಾವುದು ಒಪ್ಕೊಂಡೆ?" ಎಂದರು ದೊಡ್ಡಮ್ಮ, ಸೂಜಿಗೆ ದಾರ ಪೋಣಿಸುತ್ತ.

"ಆಸ್ಪತ್ರೆ. ತಂಡದ ಹುಡುಗರು ನಾನಿಲ್ಲದಿದ್ರೂ ಓಡ್ತಾರೆ ದೊಡ್ಡಮ್ಮ. ಆಸ್ಪತ್ರೇಲಿ ಮೊನ್ನೆ ಒಬ್ಬರು ಅಜ್ಜ ಹಾಲ್ ಒಳಗೆ ಕಾಲಿಡಲ್ಲ ಅಂತ ಬಾಗಿಲಲ್ಲೇ ಕೂತುಬಿಟ್ಟಿದ್ರು. ಡಾಕ್ಟರಿಗೂ ಬಗ್ಗಲಿಲ್ಲ, ಹೆಂಡತಿಗೂ ಬಗ್ಗಲಿಲ್ಲ. ಆಮೇಲೆ ನಾನು ಅವರ ಹತ್ತಿರ ಹೋಗಿ ಕಿವೀಲಿ ಏನು ಹೇಳಿದೆ ಅಂದ್ರೆ..." ಎನ್ನುತ್ತ ಅವಳು ಹೊಸ್ತಿಲು ದಾಟಿ, ಮೆಟ್ಟಿಲಿಳಿಯುತ್ತ...