ಐದು ದುಂಬಿಗಳ ಹಿಂಗಾಲು

ಕಾಲು ಮುರಿದ ಹುಳ ಕಂಡರೆ ನನಗಾಗದು. ಕೀಟ ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷದಿಂದ ಸತ್ತ ಹುಳಗಳಿಗೆ ಸೂಜಿ ಚುಚ್ಚಿ, ಚೀಟಿ ಬರೆದು, ಪೆಟ್ಟಿಗೆಯಲ್ಲಿ ಜೋಡಿಸುವವಳು ನಾನು. ಆರು ಕಾಲಿಲ್ಲದೆ ಒಂದು ಹುಳವೂ ನನ್ನ ಮೇಜು ದಾಟಿಲ್ಲ. ಮೇಲಿನವರು "ನಿಮ್ಮ ಕೈಕೆಲಸ ಅಂದ್ರೆ ಕೈಕೆಲಸ" ಅಂದಾಗ ಉಬ್ಬಿಹೋಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ನನ್ನ ತಂಗಿಯ ಮಗಳು ಪುಟ್ಟಿ ಇಲ್ಲೇ ಸಂಶೋಧನೆ ಮಾಡುತ್ತಾಳೆ. ಊಟ ನಿದ್ದೆ ಬಿಟ್ಟು ನಾಲ್ಕು ವರ್ಷದಿಂದ ಎರಡೇ ಜಾತಿಯ ದುಂಬಿ ಹಿಡಿದುಕೊಂಡು ಕೂತಿದ್ದಾಳೆ. ಒಂದು ನದಿಯ ಮರಳಿನದು, ಇನ್ನೊಂದು ಕಾಡಿನ ತರಗೆಲೆಯಡಿಯದು. ಎರಡೂ ಕಡಲೆಕಾಳಿಗಿಂತ ಚಿಕ್ಕವು, ಎರಡೂ ಕಪ್ಪು. ಮರಳಿನದಕ್ಕೆ ಹಿಂಗಾಲು ಉದ್ದ, ಕಾಲತುಂಬ ಮುಳ್ಳು. ಕಾಡಿನದಕ್ಕೆ ಮೋಟು, ನುಣುಪು. ಇಷ್ಟು ಹೇಳೋಕೆ ನಾಲ್ಕು ವರ್ಷ ಬೇಕೇನೇ ಅಂತ ರೇಗಿಸುತ್ತಿದ್ದೆ.

ಇವತ್ತು ಬೆಳಿಗ್ಗೆ ಓಡಿಬಂದು ನನ್ನ ರಟ್ಟೆ ಹಿಡಿದೆಳೆದಳು.

"ದೊಡ್ಡಮ್ಮ, ಬಾ, ಮೈಕ್ರೋಸ್ಕೋಪಲ್ಲಿ ನೋಡು. ಕಾಡಿನ ಐದು ದುಂಬಿಗೆ ಮರಳಿನದರ ಕಾಲಿದೆ. ಇವೆರಡೂ ಎಲ್ಲೋ ಬೆರಕೆ ಆಗ್ತಿವೆ. ಇದು ಯಾರಿಗೂ ಗೊತ್ತಿರ್ಲಿಲ್ಲ. ನಾಳೆ ಎಲ್ಲರ ಮುಂದೆ ಹೇಳ್ತೀನಿ. ನನ್ನ ನಾಲ್ಕು ವರ್ಷ ದಂಡ ಆಗ್ಲಿಲ್ಲ."

ಕಣ್ಣಿಟ್ಟೆ. ಕಾಲಿನ ಬುಡದಲ್ಲಿ ಕೂದಲೆಳೆಯಷ್ಟು ಅಂಟು ಹೊಳೆಯುತ್ತಿತ್ತು. ಬೇರೆಯವರಿಗೆ ಅದು ಕಾಣುವುದೇ ಇಲ್ಲ, ಅಷ್ಟು ಚೆನ್ನಾಗಿ ಅಂಟಿಸುತ್ತೇನೆ. ಹೋದ ವರ್ಷ ಎರಡೂ ಜಾತಿಯ ಪೆಟ್ಟಿಗೆ ಒಟ್ಟಿಗೇ ಬಂದಿದ್ದವು, ದಾರಿಯಲ್ಲಿ ಕುಲುಕಾಡಿ ಕಾಲು ಉದುರಿದ್ದವು. ಎಲ್ಲವನ್ನೂ ಒಂದೇ ತಟ್ಟೆಗೆ ಗುಡಿಸಿಕೊಂಡು, ಮೈಕ್ರೋಸ್ಕೋಪಲ್ಲಿ ನೋಡದೆ, ಕಪ್ಪು ಹುಳಕ್ಕೆ ಕಪ್ಪು ಕಾಲು ಅಂತ ಅಂಟಿಸಿಬಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಸುಮ್ಮನಿದ್ದುಬಿಡೋಣ ಅನಿಸಿತು. ಆದರೆ ಮುಂದೆ ಯಾರಾದರೂ ಕಂಡುಹಿಡಿದರೆ ಮೋಸಗಾತಿ ಅನ್ನಿಸಿಕೊಳ್ಳುವವಳು ಇವಳು.

"ಪುಟ್ಟಿ, ಆ ಕಾಲು ನಾನು ಅಂಟಿಸಿದ್ದು."

ತಮಾಷೆ ಅಂದುಕೊಂಡು ನಕ್ಕಳು. ನಾನು ಸೂಜಿಮೊನೆಯಿಂದ ಮೆಲ್ಲಗೆ ಒತ್ತಿದೆ. ಕಾಲು ಕಳಚಿ ಬಿಳಿ ಹಾಳೆಯ ಮೇಲೆ ಬಿತ್ತು. ಅವಳು ಅದನ್ನೇ ನೋಡುತ್ತಾ ಕುರ್ಚಿಗೆ ಕುಸಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿ ಗೋಡೆಯುದ್ದಕ್ಕೂ ನಿಂತ ಕಪಾಟುಗಳ ಕಡೆ ತಿರುಗಿದಳು. ಎಷ್ಟೋ ಜನ ದೂರದೂರದಿಂದ ಬಂದು ಅಲ್ಲಿನ ಹುಳಗಳ ಕಾಲು ಅಳೆದುಕೊಂಡು ಹೋಗಿದ್ದಾರೆ, ಪುಸ್ತಕ ಬರೆದಿದ್ದಾರೆ.

"ದೊಡ್ಡಮ್ಮ," ಅಂದಳು, "ಇನ್ನು ಯಾವ್ಯಾವುದಕ್ಕೆ ಅಂಟಿಸಿದೀಯಾ?"

"ನೆನಪಿಲ್ಲ ಕಣೇ," ಅಂದೆ.