ಮೀನಿಗೆ ಬಾವಿ ನೀರು

ಬೆಳ್ಳೂರು ಕ್ರಾಸಿನ ಹೋಟೆಲೊಂದಕ್ಕೆ ಚಿಕ್ಕಸ್ವಾಮಿ ದಿನಾ ಬೆಳಗ್ಗೆ ಹಾಲು ಹಾಕುತ್ತಿದ್ದ. ಅವರು ಹಾಲು ಬಗ್ಗಿಸಿಕೊಂಡು ಕ್ಯಾನು ವಾಪಸ್ಸು ಕೊಡುವವರೆಗೆ ಗಲ್ಲಾಪೆಟ್ಟಿಗೆ ಪಕ್ಕದ ಗಾಜಿನ ತೊಟ್ಟಿಯ ಮುಂದೆ ನಿಂತಿರುತ್ತಿದ್ದ. ಮಂಗಳೂರು ಕಡೆಯ ಮಾಲೀಕ ಅದರಲ್ಲಿ ಉಪ್ಪುನೀರು ತುಂಬಿಸಿ ಸಮುದ್ರದ ಮೀನು ಸಾಕಿದ್ದ. ಮೀನುಗಳು ಒಂದೊಂದಾಗಿ ಕೈಲಾಸ ಸೇರಿದವು, ಹೋಟೆಲು ಕೈ ಬದಲಾಯಿತು. ಹೊರಡುವ ದಿನ ಮಾಲೀಕ, "ಈ ತೊಟ್ಟಿ ನಿಂತು ನೋಡಿದವರು ನೀವೊಬ್ಬರೇ, ನೀವೇ ತಕೊಂಡು ಹೋಗಿ ಮಾರಾಯ್ರೆ" ಎಂದ. ಚಿಕ್ಕಸ್ವಾಮಿ ಬೇಡ ಬೇಡ ಎನ್ನುತ್ತಲೇ ಹೋಗಿ ಗೂಡ್ಸ್ ಆಟೋ ತಂದ.

"ದನ ಆಯ್ತು, ಕೋಳಿ ಆಯ್ತು. ಈಗ ಸಾರಿಗೂ ಆಗದ ಮೀನು ಸಾಕ್ತೀರಾ?" ಎಂದಳು ಹೆಂಡತಿ ಸೋಮಮ್ಮ.

ತೊಟ್ಟಿಯ ಅಂಚಿಗೆಲ್ಲ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು. ತಳದಲ್ಲಿ ಹವಳದ ಪುಡಿಮರಳು, ಅದರ ಮೇಲೆ ತೂತು ತೂತಿನ ಕಲ್ಲುಗಳು. ನಾಗಮಂಗಲದಲ್ಲಿ ಬಣ್ಣದ ಮೀನು ಮಾರುವ ಕುಮಾರ್ ಫೋನಿನಲ್ಲೇ ಎಲ್ಲ ಹೇಳಿಕೊಟ್ಟ. ಕಲ್ಲು, ಮರಳು ಯಾವುದೂ ಸಿಹಿನೀರಿನ ಮೀನಿಗೆ ಆಗುವುದಿಲ್ಲ, ಆಚೆ ಹಾಕಿ. ಸೋಪು ಮುಟ್ಟಿಸಬೇಡಿ, ಹುಳಿ ಹಾಕಿ ಉಜ್ಜಿ. ಹೊಸ ನೀರು ತುಂಬಿಸಿ, ತೊಟ್ಟಿಯ ನೀರು ಸೋಸುವ ಮೋಟಾರು ಓಡಿಸಿ, ಕೆಲವು ವಾರ ಮೀನಿಲ್ಲದೆ ಬಿಡಿ. ಮೀನು ಬಂದ ಮೇಲೆ ವಾರವಾರವೂ ಕಾಲುಭಾಗ ನೀರು ಬದಲಾಯಿಸಿ. ಈ ಕೊನೆಯ ಮಾತು ಚಿಕ್ಕಸ್ವಾಮಿಗೆ ಹಿಡಿಸಲಿಲ್ಲ. ಹಸುಗಳೇ ಇಷ್ಟು ಸೇವೆ ಕೇಳುತ್ತಿರಲಿಲ್ಲ.

ಬೈದುಕೊಂಡೇ ಆದರೂ ಸೋಮಮ್ಮ ಸೆರಗು ಸಿಕ್ಕಿಸಿ ನಿಂತಳು. ಹಿತ್ತಾಳೆ ಬೆಳಗುವ ಅಭ್ಯಾಸದ ಕೈ ಹುಣಸೆಹಣ್ಣಿನ ಜೊತೆಗೆ ಒಂದು ಹಿಡಿ ಉಪ್ಪನ್ನೂ ತೊಟ್ಟಿಗೆ ಎರಚಿಬಿಟ್ಟಿತು.

"ಅಯ್ಯೋ, ಉಪ್ಪು ತೆಗಿಯಾಕೆ ಉಪ್ಪೇ ಆಕ್ತೀಯಲ್ಲೇ!"

"ನಂಗೇನ್ ಗೊತ್ತು? ನಮ್ಮಪ್ಪನ ಮನೇಲಿ ಮೀನ್ಗೆ ಮನೆ ಕಟ್ತಿರ್ನಿಲ್ಲ."

ಮತ್ತೆ ಮೊದಲಿನಿಂದ ತೊಳೆದರು. ತೊಳೆದ ನೀರನ್ನೆಲ್ಲ ತೆಂಗಿನ ಬುಡಕ್ಕೆ ಸುರಿದರು. ಕೊಳಾಯಿಗೆ ಪೈಪು ಸಿಕ್ಕಿಸಿ ಬೋರ್‌ವೆಲ್ ನೀರು ತುಂಬಿಸಿದರು. ಬೀದಿಯವರೆಲ್ಲ ಬಂದು ಖಾಲಿ ನೀರು ನೋಡಿಕೊಂಡು ಹೋದರು. ವಾರಗಳು ಕಳೆದ ಮೇಲೆ ಚಿಕ್ಕಸ್ವಾಮಿ ನಾಗಮಂಗಲಕ್ಕೆ ಹೋಗಿ, ಮೈಮೇಲೆ ನೀಲಿ ಗೆರೆಯಿರುವ ಅರ್ಧ ಬೆರಳುದ್ದದ ಟೆಟ್ರಾ ಮೀನುಗಳನ್ನು ತಂದು ಬಿಟ್ಟ. ನಿಮ್ಮ ಮನೆ ನೀರು ಹೇಗೆ ಎಂದು ಕುಮಾರ್ ಕೇಳಿದ್ದಕ್ಕೆ, "ನೀರು ನೀರಿದ್ದಂಗೈತೆ" ಎಂದಿದ್ದ.

ನೀರು ಹೇಗಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇಳೆ ಬೇಯದ ನೀರು. ಪಾತ್ರೆ ಆರಿದರೆ ಸುಣ್ಣ ಬಳಿದಂತೆ ಕಾಣುವ ನೀರು. ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ, ಅದಕ್ಕೆ ಹಳೆಯ ಕಾರಣವಿತ್ತು.

ಅಪ್ಪ ತೀರಿದ ಮೇಲೆ ಮನೆ ಭಾಗವಾದಾಗ ಊರ ಪದ್ಧತಿಯಂತೆಯೇ ನಡೆಯಿತು. ದೊಡ್ಡವನು ಎರಡು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ದೊಡ್ಡವನಿಗೆ ಮೋಸ ಮಾಡಲು ದಾರಿಯಿಲ್ಲ, ಚಿಕ್ಕವನಿಗೆ ಆಮೇಲೆ ಗೊಣಗಲು ಬಾಯಿಲ್ಲ. ಅಣ್ಣ ಮಂಚಯ್ಯ ರಸ್ತೆ ಕಡೆಯ ಮನೆಯನ್ನು ಒಂದು ಪಾಲಿಗೂ, ಹಿಂದಿನ ಮನೆ ಮತ್ತು ಬಾವಿಯನ್ನು ಇನ್ನೊಂದು ಪಾಲಿಗೂ ಇಟ್ಟ. ಇಟ್ಟು ಸುಮ್ಮನಿದ್ದರೆ ಆಗುತ್ತಿತ್ತು. "ನೀರಿರೋ ಕಡೆ ತಕೋ ಕಣ್ಲಾ" ಎಂದು ಎಲ್ಲರ ಎದುರು ತಮ್ಮನಿಗೆ ಬುದ್ಧಿ ಹೇಳಿದ. ಅಣ್ಣನಿಗೇ ರಸ್ತೆ ಬದಿ ಬೇಕಾಗಿದೆ, ಅದಕ್ಕೇ ಹೀಗೆ ಹೇಳುತ್ತಾನೆ ಎಂದುಕೊಂಡ ಚಿಕ್ಕಸ್ವಾಮಿ ರಸ್ತೆ ಬದಿಯನ್ನೇ ಆರಿಸಿದ. ಬಾವಿಯಲ್ಲಿ ತಮ್ಮನಿಗೂ ನೀರಿನ ಹಕ್ಕಿದೆ ಎಂದು ಬರೆಯಲು ಹೊರಟ ಹಿರಿಯರನ್ನು ತಡೆದು, "ಅದೇನೂ ಬ್ಯಾಡ. ಆ ಬಾವೀಗೆ ಇನ್ನು ನಮ್ಮನೆ ಹಗ್ಗ ಇಳಿಯಾಕಿಲ್ಲ" ಎಂದುಬಿಟ್ಟ. ಆಮೇಲೆ ಬೋರು ಹಾಕಿಸಿದ. ಬಂದದ್ದು ಈ ನೀರು.

ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಹೆಂಗಸರಿಬ್ಬರು ಬೇಲಿ ಸಂದಿಯಲ್ಲಿ ಸಾರಿನ ಬಟ್ಟಲು ಬದಲಾಯಿಸಿಕೊಳ್ಳುವುದು ಗಂಡಸರಿಗೂ ಗೊತ್ತಿತ್ತು, ಗೊತ್ತಿಲ್ಲದವರಂತೆ ಉಣ್ಣುತ್ತಿದ್ದರು. ಚಿಕ್ಕಸ್ವಾಮಿಗೆ ಅಣ್ಣ ಬೇಕಾಗಿದ್ದ. ಸಂಜೆ ಹೊತ್ತು ಬೇಲಿಯಾಚೆ ಅಣ್ಣನ ಕೆಮ್ಮು ಕೇಳದಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಆದರೆ ಹೋಗಿ ಏನೆಂದು ಮಾತು ತೆಗೆಯುವುದು? ನೀನು ಹೇಳಿದ್ದೇ ಸರಿ ಎನ್ನಬೇಕಾಗುತ್ತಿತ್ತು. ಅದೊಂದು ಮಾತು ಅವನ ಗಂಟಲಿನಿಂದ ಮೇಲೆ ಬಂದಿರಲಿಲ್ಲ.

ಒಂದು ಬೆಳಗ್ಗೆ ಎದ್ದು ನೋಡಿದರೆ ಗಾಜಿನ ಅಂಚಿಗೆ ಮತ್ತೆ ಬಿಳಿ ಪದರ ಕಟ್ಟಿತ್ತು. ಅರ್ಧದಷ್ಟು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ಮೂಲೆಯಲ್ಲಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಚಿಕ್ಕಸ್ವಾಮಿ ಕುಮಾರನಿಗೆ ಫೋನು ಮಾಡಿದ.

"ನೀರಲ್ಲಿ ಸುಣ್ಣ ಜಾಸ್ತಿ ಅದೆ ಕಣಣ್ಣ. ಈ ಮೀನು ತಡಿಯಾಕಿಲ್ಲ."

"ಫಿಲ್ಟ್ರು ನೀರು ತಂದಾಕ್ಲಾ?"

"ಬರೀ ಅದನ್ನೇ ಆಕುದ್ರೆ ಅದೂ ಆಗಾಕಿಲ್ಲ, ಅದ್ರಲ್ಲಿ ಸತ್ವಾನೇ ಇರಾಕಿಲ್ಲ. ಹಳೇ ಬಾವಿ ನೀರಿದ್ರೆ ಇವತ್ತೇ ಬದ್ಲಾಯ್ಸಿ, ಉಳ್ದಿರೋವಾದ್ರೂ ಉಳ್ಕೋತವೆ. ನಿಮ್ಮೂರಲ್ಲಿ ಬಾವಿ ಇಲ್ವಾ?"

"ಐತೆ" ಎಂದ ಚಿಕ್ಕಸ್ವಾಮಿ. ಫೋನು ಇಟ್ಟ.

ಬದುಕಿದ್ದ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ ಖಾಲಿ ಮಾಡಿ, ಹೆಂಡತಿಯ ಮುಖ ನೋಡಿದ. ಅವನೇನು ಕೇಳಲಿದ್ದಾನೆಂದು ಅವಳಿಗೆ ತಿಳಿಯಿತು.

"ಬೇಲಿ ಸಂದೀಲಿ ಸಾರು ಬತ್ತದೆ, ಕೊಡ ಬರಾಕಿಲ್ಲ. ನೀವೇ ಓಗಿ" ಎಂದು ಕೊಡ, ಹಗ್ಗ ತಂದು ಅವನ ಮುಂದಿಟ್ಟಳು.

ಮಂಚಯ್ಯ ಬಾವಿಕಟ್ಟೆಯ ಮೇಲೆ ಕೂತು ಕುಡುಗೋಲಿಗೆ ಹಿಡಿ ಕೂರಿಸುತ್ತಿದ್ದ. ಹೆಜ್ಜೆ ಸದ್ದಿಗೇ ಯಾರೆಂದು ಗೊತ್ತಾಗಿರಬೇಕು, ತಲೆ ಎತ್ತಲಿಲ್ಲ.

"ನೀರು ಬೇಕಿತ್ತು" ಎಂದ ಚಿಕ್ಕಸ್ವಾಮಿ, ಬಾವಿಗೆ ಹೇಳುವವನಂತೆ.

"ಯಾರ್ಗೆ?"

"ಮೀನ್ಗೆ."

ಮಂಚಯ್ಯ ಕುಡುಗೋಲನ್ನು ಕೆಳಗಿಟ್ಟ. "ಇಷ್ಟು ವರ್ಸ ಎಂಡ್ರು ಮಕ್ಳಿಗೆ ಆ ಸುಣ್ಣದ ನೀರೇ ಕುಡಿಸ್ದೆ. ಈಗ ಮೀನ್ಗೆ ಬಂದ್ಯೇನ್ಲಾ?"

ಚಿಕ್ಕಸ್ವಾಮಿಗೆ ಮೈಯೆಲ್ಲ ಉರಿದುಹೋಯಿತು. ಹಿಂದಿನ ಚಿಕ್ಕಸ್ವಾಮಿಯಾಗಿದ್ದರೆ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಆದರೆ ಬಕೆಟ್ಟಿನಲ್ಲಿ ಬಾಯಿ ಬಿಡುತ್ತಿದ್ದ ಮೀನುಗಳು ಕಣ್ಣ ಮುಂದೆ ಬಂದವು.

"ನಮ್ ನೀರು ಸರಿಯಿಲ್ಲ" ಎಂದ. "ನೀನೇಳಿದ್ದೇ ಸರಿ."

ಮಂಚಯ್ಯ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗೆದ್ದ ಖುಷಿಯೇನೂ ಮುಖದಲ್ಲಿ ಕಾಣಲಿಲ್ಲ. "ಎಷ್ಟು ಬೇಕು?"

"ತೊಟ್ಟಿ ತುಂಬಾ."

"ಕೊಡದಲ್ಲಿ ಯಾಕ್ಲಾ ಸಾಯ್ತೀಯ, ಮೋಟ್ರು ಆಕ್ತೀನಿ, ಪೈಪು ಎಳ್ಕೋ. ಚಿಟಿಕೆ ಒಡ್ಯೋದ್ರೊಳ್ಗೆ ತುಂಬ್ತದೆ."

"ಬ್ಯಾಡ ಬುಡಣ್ಣ. ಸೇದ್ಕೋತೀನಿ."

ಅಣ್ಣ ಎಂಬ ಮಾತು ತಾನಾಗಿ ಬಾಯಿಂದ ಬಿದ್ದಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು. ಚಿಕ್ಕಸ್ವಾಮಿ ರಾಟೆಗೆ ಹಗ್ಗ ಹಾಕಿದ. ಕೈಗೆ ಅಭ್ಯಾಸ ತಪ್ಪಿದ್ದರಿಂದ ಮೊದಲ ಕೊಡ ಬಾವಿಯ ಕಲ್ಲಿಗೆ ತಾಗಿ ಅರ್ಧ ಚೆಲ್ಲಿತು. "ಇಂಗೆ ಸೇದುದ್ರೆ ಬಾವಿ ಬತ್ತೋಗ್ತದೆ, ಈ ಕಡೆ ಬಾ" ಎಂದು ಮಂಚಯ್ಯ ಎದ್ದು ಹಗ್ಗ ಕಸಿದುಕೊಂಡ. ಅಲ್ಲಿಂದ ಮುಂದೆ ಅಣ್ಣ ಸೇದಿದ, ತಮ್ಮ ಹೊತ್ತ. ಮಂಚಯ್ಯನ ಹೆಂಡತಿ ಜಯಲಕ್ಷ್ಮಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದವಳು ಆಚೆ ಬರಲಿಲ್ಲ. ಬಂದರೆ ಎಲ್ಲಿ ಕೆಡುವುದೋ ಎಂದು ಅವಳಿಗೆ ಭಯ.

ತೊಟ್ಟಿ ತುಂಬುವ ಹೊತ್ತಿಗೆ ಬಿಸಿಲು ಇಳಿದಿತ್ತು. ಸೋಮಮ್ಮ ಬಕೆಟ್ಟಿಗೆ ಲೋಟ ಲೋಟವಾಗಿ ಬಾವಿ ನೀರು ಬೆರೆಸಿ, ಮೀನುಗಳನ್ನು ಹೊಸ ನೀರಿಗೆ ಹೊಂದಿಸಿ, ತೊಟ್ಟಿಗೆ ಬಿಟ್ಟಳು. ಮೊದಲು ತಳ ಹಿಡಿದು ಕೂತವು, ಆಮೇಲೆ ಒಂದೊಂದಾಗಿ ಮೇಲೆದ್ದವು.

ಚಿಕ್ಕಸ್ವಾಮಿ ಹಗ್ಗ ಬಿಚ್ಚಿಕೊಳ್ಳಲು ಖಾಲಿ ಕೊಡ ಹಿಡಿದುಕೊಂಡೇ ಬಾವಿಯ ಹತ್ತಿರ ಹೋದ. ಮಂಚಯ್ಯ ಅಲ್ಲೇ ಇದ್ದ.

"ಬದುಕ್ದವಾ?"

"ಆಡ್ತಾವೆ."

"ಇಷ್ಟಕ್ಕೆ ಮುಗೀತಾ?"

"ಇಲ್ಲ. ವಾರವಾರಾನೂ ಒಸಿ ಬದ್ಲಾಯಿಸ್ಬೇಕಂತೆ."

ಮಂಚಯ್ಯ ಕುಡುಗೋಲನ್ನು ತೊಡೆಯ ಮೇಲೆ ಎಳೆದುಕೊಂಡು ಮತ್ತೆ ಹಿಡಿ ಕೂರಿಸತೊಡಗಿದ. ಚಿಕ್ಕಸ್ವಾಮಿ ರಾಟೆಯ ಹಗ್ಗಕ್ಕೆ ಕೈ ಹಾಕಿದಾಗ, "ಅದ್ಯಾಕ್ಲಾ ಬಿಚ್ತೀಯ" ಎಂದ ಮಂಚಯ್ಯ, ತಲೆ ಎತ್ತದೆ. "ಅಂಗೇ ಇರ್ಲಿ. ಕೊಡಾನೂ ಇಲ್ಲೇ ಬುಟ್ಟೋಗು."

ಚಿಕ್ಕಸ್ವಾಮಿ ಕೊಡವನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿ ಬರಿಗೈಯಲ್ಲಿ ಮನೆಗೆ ಬಂದ.