ಶಫೀಸಾಬನ ಗಾಡಿ ಇನ್ನೂ ತುಂಬಿಲ್ಲ

ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡುವುದು ದೇವರ ಫೋಟೊ ಅಲ್ಲ, ನಮ್ಮವ್ವನ ಕಾಲು. ಹೆಬ್ಬೆರಳಿಂದ ಒತ್ತುತ್ತೇನೆ. ಬೆರಳು ತೆಗೆದ ಮೇಲೂ ತಗ್ಗು ಹಾಗೇ ಉಳಿದರೆ ಮೈಯಲ್ಲಿ ನೀರು ತುಂಬಿದೆ ಎಂದರ್ಥ. ಅವ್ವ ಮಾರೆವ್ವನ ಹೃದಯ ಸೋತಿದೆ. ಇಂಥ ಬಿಸಿಲಲ್ಲೂ ನೀರು ಅಳೆದು ಕೊಡಬೇಕು. ಉಪ್ಪು ಬಂದ್. ನಾನು ಅತ್ತ ಹೊಲಕ್ಕೆ ಹೋದರೆ ಸಾಕು, ಇತ್ತ ಅವ್ವ ಉಪ್ಪಿನಕಾಯಿ ತಿಂದು ಬಾಯಿ ಒರೆಸಿಕೊಂಡು ಕೂತಿರುತ್ತಾಳೆ.

"ಯವ್ವಾ, ಉಪ್ಪಿನಕಾಯಿ ತಿಂದಿಯೇನು?"

"ನಾನ್ಯಾಕ ತಿನ್ಲಿ ಹೇಮಾ? ಬೆಕ್ಕು ತಿಂದಿರಬೇಕು."

ನಮ್ಮೂರ ಬೆಕ್ಕು ಹಾಲು ಬಿಟ್ಟು ಉಪ್ಪಿನಕಾಯಿ ಹಿಡಿದು ವರ್ಷವಾಯಿತು!

ಆ ನೀರು ಇಳಿಸುವ ಗುಳಿಗೆ ಊರ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಹೋದ ತಿಂಗಳು ಗುಳಿಗೆ ಕೊಡುವ ಪಂಪಣ್ಣ ಹೊಸ ಕಾನೂನು ತೆಗೆದ.

"ಪೇಶಂಟ್ ಖುದ್ದ ಬರಬೇಕು. ಮನಿಮಂದಿಗೆ ಕೊಡಂಗಿಲ್ಲ."

"ಸರ, ಹತ್ತ ಹೆಜ್ಜಿ ನಡದ್ರ ದಮ್ಮು ಹತ್ತತೈತ್ರಿ ಆಕಿಗೆ."

"ಹಂಗಾದ್ರ ಎದುರಿಗೇ ಅಂಗಡಿ ಐತಿ, ಅಲ್ಲಿ ತಗೋ."

ಎದುರಿನ ಔಷಧದ ಅಂಗಡಿ ಯಾರದು? ಪಂಪಣ್ಣನ ಹೆಂಡತಿಯ ತಮ್ಮನದು. ಕಾನೂನು ಎಲ್ಲಿ ಹುಟ್ಟಿತೆಂದು ತೊಟ್ಟಿಲ ಕೂಸಿಗೂ ಗೊತ್ತಾಗುತ್ತದೆ. ಅವ್ವನನ್ನು ನೋಡಿಕೊಳ್ಳಲು ವಾರದಲ್ಲಿ ಮೂರು ದಿನ ಕೂಲಿ ಬಿಟ್ಟವಳು ನಾನು, ಎಷ್ಟು ದಿನ ಕೊಂಡೇನು? ಡಬ್ಬಿಯಲ್ಲಿ ಎರಡೇ ಗುಳಿಗೆ ಉಳಿದವು. ಅವು ಮುಗಿದರೆ ಅವ್ವ ಮಲಗಿ ಉಸಿರಾಡಲಾರಳು.

ಪಕ್ಕದ ಮನೆಯ ಲಾಲಬೀಯ ಪಾಡು ಇನ್ನೂ ಬಿಗಿ. ಅವಳ ಮಾವ ಶಫೀಸಾಬನಿಗೆ ಹೃದಯವೂ ಸೋತಿತ್ತು, ಮರೆವೂ ಹತ್ತಿತ್ತು. ಮೂವತ್ತು ವರ್ಷ ಊರ ಕ್ರಾಸಿನಲ್ಲಿ ನಿಂತು ಮಂದಿಯನ್ನು ಕೂಗಿ ಕರೆದು ಟ್ರ್ಯಾಕ್ಸ್ ಜೀಪು ತುಂಬಿಸಿದ ಏಜೆಂಟ ಅವನು. ಈಗ ಸ್ವಂತ ಮಗನ ಹೆಸರು ನೆನಪಿಲ್ಲ, ಹಿಂದಿನ ಸೀಟಿಗೆ ಎಷ್ಟು ಮಂದಿ ಅನ್ನುವುದು ಮಾತ್ರ ಮರೆತಿಲ್ಲ. ಅನ್ನ ತಂದಿಟ್ಟ ಸೊಸೆಯನ್ನೇ, "ಅಕ್ಕಾ, ಎಲ್ಲಿಗೆ? ಕುಕನೂರಾ, ತಳಕಲ್ಲಾ? ಹತ್ರಿ, ಜಾಗಾ ಐತಿ" ಎಂದು ಕೇಳುತ್ತಾನೆ. ಲಾಲಬೀ ನಗುತ್ತಾಳೆ. ಒಮ್ಮೊಮ್ಮೆ ಹಿತ್ತಲಿಗೆ ಹೋಗಿ ಅತ್ತು ಬಂದು ಮತ್ತೆ ನಗುತ್ತಾಳೆ.

ಅವಳೇ ಅಂದಳು, "ಖುದ್ದ ಬರ್ರಿ ಅಂದಾನಲ್ಲ? ಎಲ್ಲಾರ್ನೂ ಒಯ್ಯೂನು ನಡಿ."

ಅವಳ ಗಂಡನ ಬಾಳೆಹಣ್ಣಿನ ತಳ್ಳುಗಾಡಿ ಖಾಲಿ ಮಾಡಿ ಕೌದಿ ಹಾಸಿದೆವು. ಅವ್ವ ಮದುವಣಗಿತ್ತಿಯ ಹಾಗೆ ಕೂತಳು. ಶಫೀಸಾಬ ಒಪ್ಪಲಿಲ್ಲ.

"ಏಜೆಂಟ ಗಾಡಿ ತುಂಬಸ್ತಾನ, ತಾನು ಹತ್ತಂಗಿಲ್ಲ."

"ಅಬ್ಬಾ, ಕ್ರಾಸಿನ್ಯಾಗ ಮಂದಿ ಬಿಸಲಾಗ ನಿಂತಾರ, ನಿಮ್ಮ ದಾರಿ ಕಾಯಾಕತ್ತಾರ," ಅಂದಳು ಲಾಲಬೀ.

"ಮತ್ತ ಮೊದಲ ಹೇಳಬಾರದೇನು?" ಎಂದವನೇ ಹತ್ತಿ ಕೂತ.

ಓಣಿ ದಾಟುವುದರೊಳಗೆ ಕೊನೆಮನೆಯ ಗೋಣೆಪ್ಪ, ಗಂಡನ ಗುರುತೇ ಮರೆತ ಹೆಂಡತಿಯ ಕೈ ಹಿಡಿದು ಬಂದ. ಪಂಪಣ್ಣನಿಂದ ಅದೇ ಮಾತು ಕೇಳಿದ್ದ ಇನ್ನೂ ಮೂರು ಮನೆಯವರು ತಮ್ಮ ತಮ್ಮ ಮುದುಕರನ್ನು ಬೈಕಿನ ಮೇಲೆ ಕೂರಿಸಿ, ಕುರ್ಚಿಯಲ್ಲಿ ಹೊತ್ತು ಕರೆತಂದರು.

ಪಂಪಣ್ಣನ ಕೋಣೆ ಚಿಕ್ಕದು. ಒಂದು ಮೇಜು, ಒಂದು ಕುರ್ಚಿ, ಒಂದು ಕಪಾಟು. ಶಫೀಸಾಬನನ್ನು ಅವನ ಊರುಗೋಲು ಬಡಿಗೆಯ ಸಮೇತ ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂರಿಸಿದೆವು. ಅಷ್ಟೊಂದು ಮಂದಿ ಕಂಡದ್ದೇ ತಡ, ಹಳೆಯ ದನಿ ಎದ್ದು ಬಂತು.

"ಒಳಗ ಸರೀರಿ! ಹಿಂದಿನ ಸೀಟಿಗೆ ನಾಕ ಮಂದಿ! ಅಜ್ಜಿ, ಡ್ರೈವರನ ಬಾಜೂಕ ಕುಂದ್ರು!"

ಗದ್ದಲಕ್ಕೆ ಪಂಪಣ್ಣ ಎದ್ದು ನಿಂತದ್ದೇ, ಅವ್ವ ಹೋಗಿ ಅವನ ಕುರ್ಚಿಯಲ್ಲೇ ಕೂತಳು. ಪಂಪಣ್ಣ ಮೇಜಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡ.

"ಏ, ಏನಿದು? ಸಂತಿ ಹಚ್ಚೀರೇನು?"

"ಖುದ್ದ ಬಂದೀವ್ರಿ ಸರ," ಅಂದೆ.

ನುಸುಳಿ ಹೊರಗೆ ಹೊರಟವನಿಗೆ ಶಫೀಸಾಬನ ಬಡಿಗೆ ಅಡ್ಡ ಬಂತು. "ತುಂಬಿದ ಗಾಡಿ ನಡುವ ಇಳಿಯಂಗಿಲ್ಲಪಾ. ಸ್ಟಾಪ್ ಬರಲಿ."

"ಎಲ್ಲೈತೋ ಮಾರಾಯಾ ನಿನ್ನ ಸ್ಟಾಪು?"

"ಆ ಕಪಾಟಿನ್ಯಾಗ ಐತ್ರಿ," ಅಂದಳು ಲಾಲಬೀ.

ಕೋಣೆಗೆ ಕೋಣೆಯೇ ನಕ್ಕಿತು. ಪಂಪಣ್ಣ ಬೆವರುತ್ತ ಕಪಾಟು ತೆಗೆದ. ಗುಳಿಗೆಯ ಪೆಟ್ಟಿಗೆಗಳು ಮೇಲಿನ ಹಲಗೆಯತನಕ ಇದ್ದವು. ಒಬ್ಬೊಬ್ಬರಿಗೂ ತಿಂಗಳ ಗುಳಿಗೆ ಕೊಟ್ಟ. ನಾನು ಸೆರಗಿನಲ್ಲಿ ಕಟ್ಟಿಕೊಂಡೆ. ಗೆದ್ದೆವು, ನಡೀರಿ ಮನೆಗೆ ಎಂದು ಹೊರಟರೆ ಬಡಿಗೆ ಮೇಲೇಳಲಿಲ್ಲ.

"ಗಾಡಿ ತುಂಬಿಲ್ಲ."

ಶಫೀಸಾಬ ಗೇಟಿನ ಕಡೆ ನೋಡುತ್ತಿದ್ದ. ಅಲ್ಲಿ ಕಾಸೀಮಬೀ ನಿಂತಿದ್ದಳು. ಆಚೆ ಹಳ್ಳಿಯವಳು, ಗಂಡ ಹಾಸಿಗೆ ಹಿಡಿದಿದ್ದಾನೆ, ಯಾವ ಗಾಡಿಯಲ್ಲೂ ತರುವಂತಿಲ್ಲ. ಬೆಳಿಗ್ಗೆಯೇ ಪಂಪಣ್ಣ ಅವಳನ್ನು ಹೊರಗೆ ಕಳಿಸಿದ್ದ. ಕೈಯಲ್ಲಿ ಗುಳಿಗೆ ತೀರಿದ ಖಾಲಿ ಪ್ಯಾಕೆಟ್ಟು. ನಾವೆಲ್ಲ ಬರುವಾಗ ಅವಳನ್ನು ದಾಟಿಕೊಂಡೇ ಬಂದಿದ್ದೆವು. ನನಗೆ ನಾಚಿಕೆಯಾಯಿತು.

"ಆಕಿ ಪೇಶಂಟ್ ಬಂದಿಲ್ಲಲ್ಲ," ಅಂದ ಪಂಪಣ್ಣ.

ಎದ್ದು ನಿಂತಿದ್ದ ಅವ್ವ ಮತ್ತೆ ಅದೇ ಕುರ್ಚಿಯಲ್ಲಿ ಕೂತಳು.

"ಹೇಮಾ, ನೀ ಮನಿಗೆ ಹೋಗಿ ರೊಟ್ಟಿ ಕಟಗೊಂಡ ಬಾ. ನಾ ಇಲ್ಲೇ ಇರ್ತೀನಿ. ಬರುವಾಗ ಉಪ್ಪಿನಕಾಯಿನೂ ತಗೊಂಡ ಬಾ."

ಗೋಣೆಪ್ಪ ಹೆಂಡತಿಯನ್ನು ಕೂರಿಸಿ ತಾನೂ ಕೂತ. ಒಬ್ಬರೂ ಅಲುಗಲಿಲ್ಲ. ಲಾಲಬೀ ಗೇಟಿಗೆ ಕೇಳುವಂತೆ ಕೂಗಿದಳು, "ಬರ್ರಿ ಅಕ್ಕಾ, ಒಳಗ ಬರ್ರಿ!"

ಪಂಪಣ್ಣ ಎಲ್ಲರ ಮುಖ ನೋಡಿದ. ಕಾಸೀಮಬೀಯ ಕೈಗೆ ಗುಳಿಗೆ ಬಂತು. ಆಮೇಲೆ ಕಾಗದವೂ ಬಂತು. ನಾನು ಹೇಳಿದೆ, ಅವನು ಬರೆದ: ರೋಗಿ ಬರಬೇಕಿಲ್ಲ, ಮನೆಯವರು ಬಂದರೆ ಸಾಕು. ಅವನ ಕೈಯಿಂದಲೇ ಬಾಗಿಲಿಗೆ ಹಚ್ಚಿಸಿದೆವು. ಎದುರಿನ ಅಂಗಡಿಯ ಭಾವಮೈದುನ ನೋಡುತ್ತಲೇ ನಿಂತಿದ್ದ.

ಆಗ ಬಡಿಗೆ ಮೇಲೆದ್ದಿತು. ಶಫೀಸಾಬನನ್ನು ತಳ್ಳುಗಾಡಿಗೆ ಹತ್ತಿಸಲು ಹೋದರೆ ಕೈ ಕೊಸರಿಕೊಂಡು ರಸ್ತೆಯ ಕಡೆ ತಿರುಗಿದ.

"ದವಾಖಾನಿ, ದವಾಖಾನಿ! ಇನ್ನ ಯಾರ್ಯಾರ ಉಳದೀರಿ, ಬರ್ರಿ! ಜಾಗಾ ಐತಿ!"